ಒಂದೂವರೆ ಸುತ್ತು

ಇಟಲಿಯ ಬೊಲೋನ್ಯ ನಗರದ ವಿಜ್ಞಾನ ಅಕಾಡೆಮಿಯು ಹದಿನೆಂಟನೆಯ ಶತಮಾನದಲ್ಲಿ ತನ್ನ ಸದಸ್ಯರ ಪ್ರಬಂಧಗಳನ್ನು ಲ್ಯಾಟಿನ್ ಭಾಷೆಯಲ್ಲಿ ಅಚ್ಚು ಹಾಕಿಸಿ ಸಂಪುಟಗಳಾಗಿ ಹೊರತರುತ್ತಿತ್ತು. ಅವುಗಳಲ್ಲಿ ಏಳನೆಯ ಸಂಪುಟ ಬಂದದ್ದು 1791ರಲ್ಲಿ. ಅದರ 363ನೆಯ ಪುಟದಿಂದ 418ನೆಯ ಪುಟದವರೆಗೆ ಇರುವುದು ಲುಯಿಜಿ ಗ್ಯಾಲ್ವಾನಿಯ ಲೇಖನ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸೋಂಕಿನಿಂದ ಮಿಡುಕಿದ ಕಥೆಯನ್ನು ಶಾಲೆಯ ಪುಸ್ತಕದಲ್ಲಿ ಓದದವರು ಯಾರು? ಆ ಕಥೆ ಲೋಕಕ್ಕೆ ಮೊದಲು ತಿಳಿದದ್ದು ಆ ಪುಟಗಳಿಂದ. ಅದನ್ನು ಓದಿ ಮುಗಿಸಿ ಹಾಳೆ ತಿರುವಿದರೆ 419ನೆಯ ಪುಟದಲ್ಲಿ ಇನ್ನೊಬ್ಬನ ಲೇಖನ ಮೊದಲಾಗುತ್ತದೆ. ಅದು ಹದಿಮೂರೇ ಪುಟದ್ದು. ಹುಟ್ಟುಗಿವುಡನಾಗಿದ್ದು ಎಂಟನೆಯ ವಯಸ್ಸಿನಲ್ಲಿ ತೀರಿಕೊಂಡ ಹುಡುಗನೊಬ್ಬನ ಕಿವಿಯೊಳಗೆ ಏನು ಕಂಡಿತೆಂಬ ವರದಿ. ಬರೆದವನು ಕಾರ್ಲೊ ಮೊಂಡಿನಿ.

ಗ್ಯಾಲ್ವಾನಿಯ ಹೆಸರು ಮನೆಮಾತಾಯಿತು. ಮೊಂಡಿನಿಯ ಹೆಸರು ಆಸ್ಪತ್ರೆಗಳಲ್ಲಿ ಉಳಿಯಿತು. ಕಿವಿ ಮೂಗು ಗಂಟಲಿನ ವೈದ್ಯರು, ಎಲುಬಿನ ಚಿತ್ರಗಳನ್ನು ಓದುವ ತಜ್ಞರು, ಮಾತು ಕಲಿಸುವವರು ಅವನ ಹೆಸರನ್ನು ಜಗತ್ತಿನ ಎಲ್ಲ ಕಡೆಯೂ ದಿನಬೆಳಗಾದರೆ ಹೇಳುತ್ತಾರೆ. ಆದರೆ ಅವನು ಯಾರು, ಎಲ್ಲಿಯವನು, ಏನು ಕಂಡನೆಂದು ವಿಚಾರಿಸುವವರು ವಿರಳ. ಹೆಸರು ರೋಗಕ್ಕೆ ಅಂಟಿಕೊಂಡಾಗ ಮನುಷ್ಯ ಮರೆಯಾಗುವುದು ವೈದ್ಯಶಾಸ್ತ್ರದಲ್ಲಿ ಹೊಸದೇನೂ ಅಲ್ಲ.

ಕನ್ನಡ ಪಾಠ ಹೇಳುವ ನನಗೆ ಈ ಹೆಸರು ಎದುರಾದದ್ದು ಆಕಸ್ಮಿಕ. ನನ್ನ ಸಹೋದ್ಯೋಗಿಯೊಬ್ಬರ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಕಿವಿಯ ಪರೀಕ್ಷೆಗಳಾದವು, ತಲೆಯ ಸ್ಕ್ಯಾನೂ ಆಯಿತು. ಅದರ ವರದಿಯಲ್ಲಿ ಮೊಂಡಿನಿ ಎಂಬ ಪದವಿತ್ತು. ಅದು ಮದ್ದಿನ ಹೆಸರೋ ರೋಗದ ಹೆಸರೋ ಮನುಷ್ಯನ ಹೆಸರೋ ಎಂಬುದು ಅವರಿಗೂ ತಿಳಿಯದು, ನನಗೂ ತಿಳಿಯದು. ಪದದ ಮೂಲ ಹುಡುಕುವುದು ನನ್ನ ಕಸುಬಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತು. ಆ ಮನೆಯಲ್ಲಿ ಆಗ ಇನ್ನೊಂದು ಮಾತೂ ಓಡಾಡುತ್ತಿತ್ತು: ಬಸುರಿಯಾಗಿದ್ದಾಗ ತಾಯಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳಂತೆ. ಹಿರಿಯರು ಇದನ್ನು ಕಟುವಾಗಿ ಆಡುತ್ತಿದ್ದರೆಂದಲ್ಲ, ಮೆಲ್ಲಗೇ ಆಡುತ್ತಿದ್ದರು. ಆದರೆ ತಾಯಿಯ ಕಿವಿಗೆ ಮೆಲ್ಲನೆಯ ಮಾತೂ ಸಾಕು. ಮೊಂಡಿನಿಯ ಬಾಳನ್ನು ನಾನು ಆ ತಾಯಿಯ ಸಲುವಾಗಿಯೇ ಓದಿದೆನೆಂದರೆ ಅತಿಶಯೋಕ್ತಿಯಾಗದು.

ಕಾರ್ಲೊ ಮೊಂಡಿನಿ ಹುಟ್ಟಿದ್ದು 1729ರ ನವೆಂಬರಿನಲ್ಲಿ, ಬೊಲೋನ್ಯದಲ್ಲಿಯೇ. ಆ ಊರಿನ ಅಂಗರಚನಾಶಾಸ್ತ್ರದ ಚರಿತ್ರೆಯನ್ನು ಓದುವವರಿಗೆ ಇಲ್ಲೊಂದು ತೊಡಕುಂಟು. ಅದೇ ಊರಿನಲ್ಲಿ, ಅವನಿಗಿಂತ ನಾಲ್ಕು ಶತಮಾನ ಮುಂಚೆ, ಮೊಂಡಿನೊ ಎಂಬ ಇನ್ನೊಬ್ಬ ಮಹಾಶಯನಿದ್ದ. ಮನುಷ್ಯ ಶರೀರವನ್ನು ಕುಯ್ದು ತೋರಿಸುವ ಕ್ರಮವನ್ನು ಕುರಿತು 1316ರಲ್ಲಿ ಪುಸ್ತಕ ಬರೆದು ಯೂರೋಪಿಗೆಲ್ಲ ಗುರುವಾದವನು ಅವನು. ಹೆಸರುಗಳು ಹತ್ತಿರವಾದ್ದರಿಂದ ಒಬ್ಬನನ್ನು ಇನ್ನೊಬ್ಬನೆಂದು ಎಣಿಸುವುದು ಸುಲಭ. ನಮ್ಮ ಸಾಹಿತ್ಯಚರಿತ್ರೆಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಕವಿಗಳನ್ನು ಬಿಡಿಸಿ ನಿಲ್ಲಿಸಲು ಪಂಡಿತರು ಪಟ್ಟ ಪಾಡನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸದು.

ಬೊಲೋನ್ಯ ಎಂತಹ ಊರೆಂಬುದನ್ನು ಒಂದಿಷ್ಟು ಹೇಳಬೇಕು. ಹೇಳದಿದ್ದರೆ ಮೊಂಡಿನಿಯ ಕೆಲಸದ ಬೇರು ತಿಳಿಯದು. ಅದರ ವಿಶ್ವವಿದ್ಯಾಲಯ ಯೂರೋಪಿನ ಅತ್ಯಂತ ಹಳೆಯದೆಂದು ಹೆಸರಾದದ್ದು. 1637ರಲ್ಲಿ ಅಲ್ಲಿ ಮರದಿಂದ ಕಟ್ಟಿದ ಅಂಗಚ್ಛೇದನ ಮಂದಿರವೊಂದಿತ್ತು. ನಡುವೆ ಅಮೃತಶಿಲೆಯ ಮೇಜು, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳು, ಗೋಡೆಯಲ್ಲಿ ಪ್ರಾಚೀನ ವೈದ್ಯರ ಮರದ ಪ್ರತಿಮೆಗಳು. ಉಪನ್ಯಾಸಕನ ಪೀಠದ ಮೇಲಿನ ಚಾವಣಿಯನ್ನು ತೊಗಲು ಸುಲಿದ ಇಬ್ಬರು ಮನುಷ್ಯರ ವಿಗ್ರಹಗಳು ಹೊತ್ತುಕೊಂಡಿರುತ್ತವೆ. ಕಾರ್ನಿವಲ್ ಹಬ್ಬದ ದಿನಗಳಲ್ಲಿ ಶವಚ್ಛೇದನವನ್ನು ನೋಡಲು ಊರಿನ ಜನ ನೆರೆಯುತ್ತಿದ್ದರು. ಆ ಮಂದಿರ 1944ರ ಜನವರಿಯಲ್ಲಿ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿದ ಮೇಲೆ ಅವಶೇಷಗಳಿಂದಲೇ ಚೂರು ಚೂರಾಗಿ ಮತ್ತೆ ಕಟ್ಟಿದರು. ಆ ಊರಿಗೆ ಕಿವಿಯ ಮೇಲೆ ವಿಶೇಷವಾದ ಅಕ್ಕರೆಯಿತ್ತು. 1704ರಲ್ಲಿ ವಲ್ಸಾಲ್ವ ಎಂಬಾತ ಮನುಷ್ಯನ ಕಿವಿಯನ್ನು ಕುರಿತು ಒಂದು ಗ್ರಂಥವನ್ನೇ ಬರೆದ; ಹೊರಗಿವಿ, ನಡುಗಿವಿ, ಒಳಗಿವಿ ಎಂದು ನಾವು ಇಂದಿಗೂ ಮಾಡುವ ವಿಂಗಡಣೆ ಅವನಿಂದ ನೆಲೆಗೊಂಡದ್ದು. ಅನ್ನ ಮೊರಾಂಡಿ ಮಂಜೊಲಿನಿ ಎಂಬ ಹೆಣ್ಣುಮಗಳು ಮೇಣದಲ್ಲಿ ಮಾಡಿದ ಕಿವಿಯ ಮಾದರಿಗಳು ಯೂರೋಪಿನಲ್ಲಿ ಪ್ರಸಿದ್ಧವಾಗಿದ್ದವು. ಗ್ಯಾಲ್ವಾನಿಯೂ ಕಪ್ಪೆಗೆ ಕೈಹಾಕುವ ಮೊದಲು ಹಕ್ಕಿಗಳ ಕಿವಿಯನ್ನು ಅಭ್ಯಾಸ ಮಾಡಿದವನೇ. ಮೊಂಡಿನಿ ಇಂಥ ಊರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಅಲ್ಲಿಯೇ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿ ಬಾಳಿದ.

ಅವನಿಗೆ ಮೊದಲು ಕೀರ್ತಿ ತಂದದ್ದು ಕಿವಿಯಲ್ಲ, ಹಾವುಮೀನು. ಇದು ಸ್ವಾರಸ್ಯವಾದ ಕಥೆ. ಮೊಂಡಿನಿಯ ಮನೋಧರ್ಮ ಎಂಥದೆಂಬುದು ಇದರಲ್ಲಿಯೇ ಚೆನ್ನಾಗಿ ಕಾಣುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಾವುಮೀನಿನ ಹೊಟ್ಟೆಯಲ್ಲಿ ಮೊಟ್ಟೆಯನ್ನು ಯಾರೂ ಕಂಡಿರಲಿಲ್ಲ. ಗಂಡು ಯಾವುದು ಹೆಣ್ಣು ಯಾವುದು ಎಂಬುದೂ ಗೊತ್ತಿರಲಿಲ್ಲ. ಅವು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆಂದು ಅರಿಸ್ಟಾಟಲ್ ಬರೆದಿಟ್ಟಿದ್ದ. ಎರಡು ಸಾವಿರ ವರ್ಷ ಅದೇ ಮಾತು ನಡೆಯಿತು. ಏಡ್ರಿಯಾಟಿಕ್ ಸಮುದ್ರದ ಅಂಚಿನಲ್ಲಿ, ಬೊಲೋನ್ಯಕ್ಕೆ ಹೆಚ್ಚು ದೂರವಲ್ಲದ ಕೊಮಾಕ್ಯೊ ಎಂಬಲ್ಲಿ ಹಾವುಮೀನು ಹಿಡಿಯುವುದೇ ಜನರ ಜೀವನ. 1707ರಲ್ಲಿ ಅಲ್ಲಿಂದ ಹೊಟ್ಟೆಯುಬ್ಬಿದ ಒಂದು ಮೀನು ವಲ್ಲಿಸ್ನೇರಿ ಎಂಬ ವಿದ್ವಾಂಸನ ಕೈಸೇರಿತು. ಅದರಲ್ಲಿ ಅಂಡಾಶಯವನ್ನು ಕಂಡೆನೆಂದು ಅವನು ಸಾರಿದ. ಬೊಲೋನ್ಯದ ಪಂಡಿತರು ಒಪ್ಪಲಿಲ್ಲ. ಅದು ರೋಗದಿಂದ ಊದಿಕೊಂಡ ಗಾಳಿಚೀಲವೆಂದರು. ಆಮೇಲೆ ಮೊಲಿನೆಲ್ಲಿ ಎಂಬ ಪ್ರಾಧ್ಯಾಪಕ, ಮೊಟ್ಟೆಯಿರುವ ಹಾವುಮೀನನ್ನು ತಂದುಕೊಟ್ಟವರಿಗೆ ದೊಡ್ಡ ಬಹುಮಾನ ಕೊಡುವುದಾಗಿ ಬೆಸ್ತರಿಗೆ ಹೇಳಿಕಳುಹಿಸಿದ. 1752ರಲ್ಲಿ ಬೆಸ್ತನೊಬ್ಬ ತಂದೂ ಕೊಟ್ಟ. ಹೊಟ್ಟೆಯ ತುಂಬ ಮೊಟ್ಟೆಗಳು! ಪ್ರಾಧ್ಯಾಪಕನ ಸಂತೋಷ ಬಹಳ ಕಾಲ ಉಳಿಯಲಿಲ್ಲ. ಬೆಸ್ತ ಮೀನಿನ ಹೊಟ್ಟೆಯನ್ನು ಜಾಣತನದಿಂದ ಸೀಳಿ, ಬೇರೆ ಮೀನಿನ ಮೊಟ್ಟೆಗಳನ್ನು ತುಂಬಿ ತಂದಿದ್ದ. ಬಹುಮಾನವಿಟ್ಟ ಕಡೆ ಸಾಕ್ಷ್ಯ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಇದು ಶಾಸನ ಹುಡುಕುವವರಿಗೂ ಗೊತ್ತಿರುವ ಮಾತು.

ಕೊಮಾಕ್ಯೊದಿಂದ 1777ರಲ್ಲಿ ಮತ್ತೊಂದು ದಪ್ಪ ಹೊಟ್ಟೆಯ ಹಾವುಮೀನು ಬಂದಿತು. ಈ ಸಲ ಅದು ಮೊಂಡಿನಿಯ ಮೇಜಿಗೆ ಬಂದಿತು. ಅವನಿಗೆ ಆಗ ನಲವತ್ತೇಳು ವರ್ಷ. ಹಿಂದಿನವರು ಎಡವಿದ್ದು ಎಲ್ಲಿ ಎಂಬುದನ್ನು ಅವನು ಬಲ್ಲವನಾಗಿದ್ದ. ಹೊಟ್ಟೆ ಉಬ್ಬಿದ ಒಂದು ಮೀನನ್ನು ನೋಡಿ ಮಾತನಾಡಲಿಲ್ಲ. ಸಾಮಾನ್ಯವಾದ ಹಾವುಮೀನುಗಳನ್ನೂ ತರಿಸಿ ಹೋಲಿಸಿದ. ಬೆನ್ನೆಲುಬಿನ ಉದ್ದಕ್ಕೂ ಇಕ್ಕೆಲಗಳಲ್ಲಿ ನೆರಿಗೆ ನೆರಿಗೆಯಾಗಿ ಇಳಿಬಿದ್ದ ಪಟ್ಟಿಯೊಂದು ಎಲ್ಲರಿಗೂ ಕಾಣುತ್ತಿದ್ದರೂ ಕೊಬ್ಬೆಂದು ಬಿಟ್ಟಿದ್ದರು. ಆ ನೆರಿಗೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆಗಳಿವೆ, ಅದೇ ಅಂಡಾಶಯ ಎಂದು ಮೊಂಡಿನಿ ತೋರಿಸಿದ. ಉಬ್ಬಿದ ಹೊಟ್ಟೆಗೂ ಮೊಟ್ಟೆಗೂ ಸಂಬಂಧವೇ ಇರಲಿಲ್ಲ. ಅವನ ಲೇಖನ 1783ರಲ್ಲಿ ಅಕಾಡೆಮಿಯ ಆರನೆಯ ಸಂಪುಟದಲ್ಲಿ ಅಚ್ಚಾಯಿತು. ಗಂಡಿನ ವೃಷಣವನ್ನು ಹುಡುಕುವ ಕೆಲಸ ಮಾತ್ರ ಇನ್ನೂ ನೂರು ವರ್ಷ ಎಳೆಯಿತು. 1876ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ಕುಳಿತು ನೂರಾರು ಹಾವುಮೀನುಗಳನ್ನು ಅದಕ್ಕಾಗಿ ಸೀಳಿದವನು ಸಿಗ್ಮಂಡ್ ಫ್ರಾಯ್ಡ್ ಎಂಬ ವಿದ್ಯಾರ್ಥಿ. ಅವನು ಮುಂದೆ ಮನಸ್ಸನ್ನು ಹುಡುಕಲು ಹೋದದ್ದು ಬೇರೆಯ ಕಥೆ.

ಎಲ್ಲರ ಕಣ್ಣೆದುರಿಗೆ ಇದ್ದುದನ್ನು, ಸರಿಯಾದುದರ ಪಕ್ಕದಲ್ಲಿಟ್ಟು ಹೋಲಿಸಿ, ಕಂಡಷ್ಟನ್ನೇ ಹೇಳುವುದು ಮೊಂಡಿನಿಯ ದಾರಿ. ಹುಡುಗನ ಕಿವಿಯ ಮುಂದೆ ಕುಳಿತಾಗಲೂ ಅವನು ಹಿಡಿದದ್ದು ಇದೇ ದಾರಿ.

ಹುಡುಗನ ವಿಷಯ ನಮಗೆ ತಿಳಿದಿರುವುದು ಸ್ವಲ್ಪ. ವಯಸ್ಸು ಎಂಟು. ಹುಟ್ಟಿದಾಗಿನಿಂದ ಕಿವುಡು. ಬಂಡಿಯೊಂದು ಬಡಿದು ಪಾದಕ್ಕೆ ಗಾಯವಾಯಿತು. ಗಾಯ ಕೊಳೆತು ವಿಷವೇರಿ ಹುಡುಗ ಸತ್ತ. ಹಿಂದಿನಿಂದ ಬರುವ ಬಂಡಿಯ ಸದ್ದು ಆ ಮಗುವಿಗೆ ಕೇಳುವಂತಿರಲಿಲ್ಲವೆಂಬುದನ್ನು ನೆನೆದರೆ ಓದುವವನ ಮನಸ್ಸು ಒಂದು ಗಳಿಗೆ ನಿಲ್ಲುತ್ತದೆ.

ಅಂದಿನ ಲೋಕ ಹುಟ್ಟುಗಿವುಡನ್ನು ಹೇಗೆ ನೋಡುತ್ತಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಕಿವುಡರು ಮೂಗರಾಗಿರುವುದೇಕೆ ಎಂಬುದರಲ್ಲಿಯೇ ಗೊಂದಲವಿತ್ತು. ದೋಷ ನಾಲಗೆಯಲ್ಲಿದೆಯೆಂದು ನಾಲಗೆಯ ಕೆಳಗಿನ ನರವನ್ನು ಕತ್ತರಿಸುತ್ತಿದ್ದವರುಂಟು. ಹುಟ್ಟಿನಿಂದ ಕಿವುಡೂ ಮೂಗೂ ಆದವನಿಗೆ ಉಯಿಲು ಬರೆಯುವ ಹಕ್ಕನ್ನು ಜಸ್ಟಿನಿಯನ್ನನ ಕಾಲದ ರೋಮನ್ ನ್ಯಾಯ ಕೊಟ್ಟಿರಲಿಲ್ಲ. ಅದರ ನೆರಳು ಯೂರೋಪಿನ ಮೇಲೆ ಬಹುಕಾಲ ಬಿದ್ದಿತ್ತು. ಇಂಥ ಮಕ್ಕಳಿಗೆ ಸನ್ನೆಯ ಮೂಲಕ ಅಕ್ಷರ ಕಲಿಸಬಹುದೆಂದು ಪ್ಯಾರಿಸಿನ ಪಾದ್ರಿ ದ ಲೆಪೆ ತೋರಿಸಿಕೊಟ್ಟದ್ದು ಮೊಂಡಿನಿಯ ಕಾಲದಲ್ಲಿಯೇ. ಅವನಿಂದ ಕಲಿತುಬಂದ ಸಿಲ್ವೆಸ್ಟ್ರಿ ರೋಮ್ ನಗರದಲ್ಲಿ ಇಟಲಿಯ ಮೊದಲ ಕಿವುಡರ ಶಾಲೆಯನ್ನು ತೆರೆದದ್ದು 1784ರಲ್ಲಿ. ಮಕ್ಕಳಿಗೆ ಕಲಿಸುವವರು ಹೊರಗಿನಿಂದ ಮಾಡುತ್ತಿದ್ದ ಕೆಲಸಕ್ಕೆ ಒಳಗಿನ ಜೊತೆಯನ್ನು ಮೊಂಡಿನಿ ಒದಗಿಸಿದ.

ಒಳಗಿವಿ ಇರುವ ಎಲುಬನ್ನು ನಮ್ಮ ವೈದ್ಯಪುಸ್ತಕಗಳು ಶಂಖಾಸ್ಥಿ ಎನ್ನುತ್ತವೆ. ಆ ಎಲುಬಿನ ಒಳಭಾಗಕ್ಕೆ ಲ್ಯಾಟಿನ್ನಿನಲ್ಲಿ ಕಲ್ಲಿನಂಥದು ಎಂದೇ ಹೆಸರು. ಶರೀರದಲ್ಲಿ ಅಷ್ಟು ಗಟ್ಟಿಯಾದ ಎಲುಬು ಬೇರೊಂದಿಲ್ಲ. ಅದರೊಳಗೆ ಕೊರೆದಿಟ್ಟಂತೆ ಮೂರು ಭಾಗಗಳಿವೆ. ನಡುವೆ ಒಂದು ಕೋಣೆ. ಪಾಶ್ಚಾತ್ಯರು ಅದನ್ನು ವೆಸ್ಟಿಬ್ಯೂಲ್ ಎಂದರು. ಅದಕ್ಕೆ ನಮ್ಮ ಮೊಗಸಾಲೆ ಎಂಬ ಮಾತು ಸರಿಯಾಗಿ ಕೂಡುತ್ತದೆ. ಅದರ ಹಿಂದೆ ಬಳೆಯ ತುಂಡುಗಳಂತೆ ಬಾಗಿದ ಮೂರು ನಾಳಗಳು. ನಾವು ಬೀಳದೆ ನಿಲ್ಲುವುದು ಅವುಗಳ ನೆರವಿನಿಂದ. ಮುಂದೆ ಇರುವುದು ಬಟಾಣಿ ಕಾಳಿನಷ್ಟು ದೊಡ್ಡದಾದ ಒಂದು ಸುರುಳಿ. ಅದು ಬಸವನಹುಳುವಿನ ಚಿಪ್ಪಿನಂತಿರುವುದರಿಂದ ಅದಕ್ಕೆ ಕಾಕ್ಲಿಯ ಎಂಬ ಹೆಸರು ಬಂದಿತು. ನಡುವಿನ ಒಂದು ಪುಟ್ಟ ಕಂಬವನ್ನು ಬಳಸಿಕೊಂಡು ಅದು ಎರಡೂವರೆ ಸುತ್ತು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಏರುತ್ತದೆ. ಸುತ್ತು ಸುತ್ತಿಗೂ ನಡುವೆ ಎಲುಬಿನ ತೆಳ್ಳನೆಯ ಗೋಡೆ. ಬುಡದ ಸುತ್ತು ಕೀರಲು ದನಿಗಳನ್ನು ಹಿಡಿಯುತ್ತದೆ, ತುದಿಯದು ಮಂದ್ರವನ್ನು. ಇದೆಲ್ಲವೂ ತಾಯಿಯ ಹೊಟ್ಟೆಯಲ್ಲಿಯೇ ಮುಗಿದುಹೋಗುವ ಕೆಲಸ. ಸುರುಳಿಯ ಸುತ್ತು ಪೂರ್ಣವಾಗುವುದು ಬಸಿರಿನ ಮೂರನೆಯ ತಿಂಗಳು ತುಂಬುವ ಮೊದಲೇ. ಮಗು ಹುಟ್ಟುವಾಗ ಅದರ ಕೈಕಾಲುಗಳು ಎಷ್ಟು ಚಿಕ್ಕವಾದರೂ ಒಳಗಿವಿ ಮಾತ್ರ ದೊಡ್ಡವರಷ್ಟೇ ದೊಡ್ಡದು. ಆಮೇಲೆ ಅದು ಬೆಳೆಯುವುದಿಲ್ಲ. ನಮ್ಮ ಕೇಶಿರಾಜ ಶಬ್ದದ ಹುಟ್ಟನ್ನು ನಾಭಿಯಿಂದ ಹಿಡಿದು ವರ್ಣಿಸಿದ, ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳಿದ. ಆ ಶಬ್ದ ಹೋಗಿ ಸೇರುವ ಮನೆಯನ್ನು ವರ್ಣಿಸುವುದು ವ್ಯಾಕರಣದ ಕೆಲಸವಲ್ಲವೆಂದು ಬಿಟ್ಟನೋ ಏನೋ! ಸೂತ್ರ ಹೇಳುವಾಗಲೆಲ್ಲ ಈಗ ನನಗೆ ಈ ಎರಡೂವರೆ ಸುತ್ತು ನೆನಪಾಗುತ್ತದೆ.

ಕಲ್ಲಿನಂಥ ಎಲುಬನ್ನು ತೆರೆದು, ಬಟಾಣಿಯಷ್ಟರ ಸುರುಳಿಯನ್ನು ಒಡೆಯದಂತೆ ಬಿಡಿಸಿ ನೋಡುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ವಾಚಕರೇ ಊಹಿಸಬೇಕು. ಮೊಂಡಿನಿಗೆ ಆಗ ಅರವತ್ತು ದಾಟಿತ್ತು. ಹುಡುಗನ ಒಳಗಿವಿಯಲ್ಲಿ ಅವನು ಕಂಡದ್ದಿಷ್ಟು: ಸುರುಳಿ ಎರಡೂವರೆ ಸುತ್ತಿಗೆ ಬದಲು ಒಂದೂವರೆ ಸುತ್ತಿಗೇ ನಿಂತಿತ್ತು. ಬುಡದ ಸುತ್ತಿಗೆ ಆಕಾರವಿತ್ತು. ಅದರ ಮೇಲೆ ಗೋಡೆಗಳಿಲ್ಲದೆ ಎಲ್ಲವೂ ಕೂಡಿ ಒಂದೇ ಪೊಳ್ಳಾಗಿತ್ತು. ಮೊಗಸಾಲೆ ಇರಬೇಕಾದುದಕ್ಕಿಂತ ದೊಡ್ಡದು. ಅಲ್ಲಿಂದ ತಲೆಬುರುಡೆಯ ಒಳಕ್ಕೆ ಹೋಗುವ ಕೂದಲಿನಂಥ ಸಣ್ಣ ಕಾಲುವೆಯೊಂದುಂಟು. ಅದು ಬಹಳ ಅಗಲವಾಗಿತ್ತು. ಮೂರು ಬಳೆಗಳು ಮಾತ್ರ ಸರಿಯಾಗಿದ್ದವು.

ಇಷ್ಟನ್ನೇ ಅವನು ಬರೆದ. ಹುಡುಗ ಕಿವುಡನಾದದ್ದು ಯಾರ ಪಾಪದಿಂದ ಎಂಬ ಮಾತಿಗೆ ಇಲ್ಲಿ ಜಾಗವೇ ಉಳಿಯಲಿಲ್ಲ. ಕಟ್ಟುತ್ತಿದ್ದ ಮನೆ ನಡುವೆ ನಿಂತುಹೋಯಿತು. ಮೇಲಿನ ಅಂತಸ್ತಿಗೆ ಗೋಡೆ ಏಳಲಿಲ್ಲ. ಹುಟ್ಟುಗಿವುಡಿಗೆ ಶರೀರದಲ್ಲಿ ಬೆರಳಿಟ್ಟು ತೋರಿಸಬಹುದಾದ ಆಕಾರವುಂಟೆಂದು ಇಷ್ಟು ಸ್ಪಷ್ಟವಾಗಿ ಬರೆದಿಟ್ಟವರು ಅದಕ್ಕೆ ಹಿಂದೆ ಇರಲಿಲ್ಲವೆಂದು ಈ ಶಾಸ್ತ್ರದ ಚರಿತ್ರಕಾರರು ಎಣಿಸುತ್ತಾರೆ. ಆ ಸುರುಳಿಯೊಳಗೆ ಕೇಳುವ ಕೆಲಸ ಮಾಡುವ ರೋಮಕೋಶಗಳನ್ನು ಅವನು ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಅವುಗಳ ಸಾಲನ್ನು ಸೂಕ್ಷ್ಮದರ್ಶಕದಲ್ಲಿ ಕಂಡು 1851ರಲ್ಲಿ ವರ್ಣಿಸಿದವನು ಇಟಲಿಯ ಇನ್ನೊಬ್ಬ, ಅಲ್ಫೊನ್ಸೊ ಕಾರ್ಟಿ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಮನುಷ್ಯನ ಸಂಗೀತ, ಸಾಹಿತ್ಯ, ಜಗಳ, ಜೋಗುಳ ಎಲ್ಲಕ್ಕೂ ಒಂದೊಂದು ಕಿವಿಗೆ ಇಷ್ಟೇ ಬಂಡವಾಳ.

ಮೊಂಡಿನಿಯ ಹೆಸರಿಗೆ ಮುಂದೆ ಒದಗಿದ ಗತಿ ನನ್ನಂಥ ಪದಜೀವಿಗೆ ಬಹಳ ಕುತೂಹಲದ ವಿಷಯ. ಒಳಗಿವಿಯೇ ಬೆಳೆಯದ ಮಗುವನ್ನು ಕುರಿತು ಮಿಶೆಲ್ ಎಂಬಾತ 1863ರಲ್ಲಿ ಬರೆದ. ಎಲುಬು ಸರಿಯಿದ್ದು ಒಳಗಿನ ಪೊರೆ ಮಾತ್ರ ಕೆಟ್ಟುದನ್ನು ಶೈಬೆ 1892ರಲ್ಲಿ ವರ್ಣಿಸಿದ. ಅವರವರ ಹೆಸರು ಅವರವರು ಕಂಡದ್ದಕ್ಕೆ ಅಂಟಿತು. ಮೊಂಡಿನಿಯ ಹೆಸರು ಮಾತ್ರ ಊರೆಲ್ಲ ತಿರುಗಿತು. ಒಳಗಿವಿಯ ಆಕಾರ ಯಾವ ಬಗೆಯಲ್ಲಿ ಕೆಟ್ಟಿದ್ದರೂ ಅದು ಮೊಂಡಿನಿಯೇ ಎಂದು ಬರೆಯುವುದು ಇಪ್ಪತ್ತನೆಯ ಶತಮಾನದಲ್ಲಿ ರೂಢಿಯಾಯಿತು. ಕಂಡದ್ದಕ್ಕಿಂತ ಒಂದು ಮಾತನ್ನೂ ಹೆಚ್ಚಿಗೆ ಹೇಳದವನ ಹೆಸರು ಕಾಣದ್ದಕ್ಕೆಲ್ಲ ಬಳಕೆಯಾದದ್ದು ವಿಪರ್ಯಾಸವೇ ಸರಿ. ಸ್ಕ್ಯಾನ್ ಯಂತ್ರಗಳು ಬಂದು, ಬದುಕಿರುವ ಮಗುವಿನ ಸುರುಳಿಯನ್ನೇ ಎಲುಬು ಕೊರೆಯದೆ ನೋಡುವಂತಾದ ಮೇಲೆ, 1987ರಲ್ಲಿ ಜ್ಯಾಕ್ಲರ್ ಮತ್ತು ಅವನ ಜೊತೆಗಾರರು ಇವುಗಳನ್ನು ಬಸಿರಿನ ಯಾವ ವಾರದಲ್ಲಿ ಬೆಳವಣಿಗೆ ನಿಂತಿತೆಂಬ ಲೆಕ್ಕದಲ್ಲಿ ವಿಂಗಡಿಸಿದರು. ಮೊಂಡಿನಿಯ ಹುಡುಗನದು ಏಳನೆಯ ವಾರವೆಂದರು. ತುರ್ಕಿಯ ಅಂಕಾರಾದ ವೈದ್ಯ ಸೆನ್ನಾರೊಗ್ಲು 2002ರಲ್ಲಿ ಇನ್ನೊಂದು ವಿಂಗಡಣೆ ಮಾಡಿ, ಮೇಲಿನ ಸುತ್ತುಗಳು ಕೂಡಿಹೋದುದು, ಮೊಗಸಾಲೆ ದೊಡ್ಡದಾದುದು, ಕಾಲುವೆ ಅಗಲವಾದುದು, ಈ ಮೂರೂ ಇದ್ದರೆ ಮಾತ್ರ ಮೊಂಡಿನಿ ಎನ್ನಬೇಕೆಂದು ಗೆರೆ ಎಳೆದ. ಇನ್ನೂರು ವರ್ಷ ಸುತ್ತಾಡಿದ ಪದ ಮೂಲಪಾಠಕ್ಕೆ ಹಿಂತಿರುಗಿತು. ಗ್ರಂಥಸಂಪಾದನೆಯಲ್ಲಿ ಕೈಪಳಗಿದವರು ಮೆಚ್ಚುವ ಕೆಲಸವಿದು. ಕಟ್ಟಡ ನಡುವೆ ನಿಂತುಹೋದುದೋ, ಅಥವಾ ಅಗಲವಾದ ಕಾಲುವೆಯಿಂದ ನುಗ್ಗಿದ ದ್ರವದ ಒತ್ತಡವೇ ಗೋಡೆಯನ್ನು ಕೆಡಿಸಿದುದೋ ಎಂಬ ಚರ್ಚೆ ಮಾತ್ರ ಪಂಡಿತರಲ್ಲಿ ಮುಗಿದಿಲ್ಲ.

ಮನೆಯಲ್ಲಿ ಇಂಥ ಮಗುವಿರುವವರಿಗೆ ಪಂಡಿತರ ಚರ್ಚೆಗಿಂತ ಬೇಕಾದ ವಿಷಯಗಳು ಬೇರೆ. ಹುಟ್ಟಿನಿಂದ ನರದ ಕಿವುಡು ಇರುವ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಪಾಲಿನವರಿಗೆ ಮಾತ್ರ ಎಲುಬಿನ ಆಕಾರದಲ್ಲಿ ದೋಷ ಕಾಣುತ್ತದೆ. ಮಿಕ್ಕವರ ಸುರುಳಿ ಸ್ಕ್ಯಾನಿನಲ್ಲಿ ನಿರ್ದುಷ್ಟ. ದೋಷವಿರುವುದು ಕಣ್ಣಿಗೆ ಕಾಣದ ಕೋಶಗಳಲ್ಲಿ. ಬಹುಮಟ್ಟಿಗೆ ಅದು ವಂಶವಾಹಿಗಳಲ್ಲಿ ಬಂದದ್ದು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಕಡೆಯವರು ಗ್ರಹಣಕ್ಕಿಂತ ಯೋಚಿಸಬೇಕಾದದ್ದು ಇದನ್ನು. ತಂದೆತಾಯಿ ಇಬ್ಬರಿಗೂ ಕಿವಿ ಚೆನ್ನಾಗಿದ್ದು, ಇಬ್ಬರೂ ಒಂದೇ ದೋಷವನ್ನು ಗುಪ್ತವಾಗಿ ಹೊತ್ತಿದ್ದು, ಅದು ಮಗುವಿನಲ್ಲಿ ಜೋಡಿಯಾಗಿ ಹೊರಬೀಳುವುದು ಸಾಧ್ಯ. ಎರಡನೆಯದು, ಮೊಂಡಿನಿ ಬಗೆಯ ಕಿವಿಯುಳ್ಳ ಎಷ್ಟೋ ಮಕ್ಕಳು ಹುಟ್ಟುವಾಗ ಪೂರ್ಣ ಕಿವುಡರಲ್ಲ. ಅಲ್ಪಸ್ವಲ್ಪ ಕೇಳುತ್ತಿದ್ದು, ಎಡವಿ ಬಿದ್ದು ತಲೆಗೆ ಸಣ್ಣ ಪೆಟ್ಟಾದರೂ ಇದ್ದ ಕೇಳ್ಮೆ ಇಳಿದುಹೋಗಬಹುದು. ಅಗಲವಾದ ಕಾಲುವೆಯೇ ಇದಕ್ಕೆ ಗುರುತು. ಆದ್ದರಿಂದ ಇವರನ್ನು ತಲೆಗೆ ಏಟು ಬೀಳುವ ಆಟಗಳಿಂದ ದೂರವಿಡಿ ಎನ್ನುತ್ತಾರೆ. ಮೂರನೆಯದು ಇನ್ನೂ ಗಂಭೀರ. ಒಳಗಿವಿಗೂ ಮಿದುಳನ್ನು ಸುತ್ತಿದ ನೀರಿಗೂ ನಡುವೆ ಇರಬೇಕಾದ ತಡೆ ಕೆಲವರಲ್ಲಿ ಸಡಿಲವಾಗಿರುತ್ತದೆ. ಒಂದು ಮಗುವಿಗೆ ಮೆದುಳುಪೊರೆಯ ಉರಿಯೂತ ಮತ್ತೆ ಮತ್ತೆ ಬಂದರೆ ಜಾಣ ವೈದ್ಯ ಮೊದಲು ಹುಡುಕುವುದು ಕಿವಿಯನ್ನು. ನ್ಯುಮೋಕಾಕಸ್ ಲಸಿಕೆಯನ್ನು ಇವರಿಗೆ ತಪ್ಪಿಸಬಾರದು. ಮೈಸೂರಿನಲ್ಲಿ 1966ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗಳಲ್ಲಿ ಎಳೆಯ ಕೂಸಿನ ಕಿವಿಯನ್ನೂ, ಅದು ನಿದ್ದೆಯಲ್ಲಿರುವಾಗಲೇ, ಪರೀಕ್ಷಿಸುವ ಉಪಾಯಗಳಿವೆ. ನನ್ನ ಸಹೋದ್ಯೋಗಿ ಮೂರು ವರ್ಷ ಕಾದದ್ದು ಹೆಚ್ಚಾಯಿತು ಎಂಬುದು ಅಲ್ಲಿಗೆ ಹೋದ ದಿನವೇ ಅವರಿಗೆ ತಿಳಿಯಿತು. ಆರು ತಿಂಗಳೊಳಗೆ ಕೈಗೊಂಡ ಕ್ರಮಕ್ಕೂ ಮೂರು ವರ್ಷಕ್ಕೆ ಕೈಗೊಂಡುದಕ್ಕೂ ಮಾತಿನಲ್ಲಿ ಬಹಳ ಅಂತರ. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಸುರುಳಿಯನ್ನು ತೋರಿಸಿದಾಗ ಆ ತಾಯಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರಂತೆ. ಏಳನೆಯ ವಾರವೆಂದರೆ ಬಸಿರಾದದ್ದು ಮನೆಯವರಿಗೆ ಆಗ ತಾನೆ ತಿಳಿಯುವ ಹೊತ್ತು. ಅವರು ಗ್ರಹಣದ ದಿನ ಹೊರಗೆ ಬಂದದ್ದು ಏಳನೆಯ ತಿಂಗಳಿನಲ್ಲಿ.

ಈಗ ಮತ್ತೆ ಆ ಎರಡು ಲೇಖನಗಳ ಬಳಿಗೆ ಬರೋಣ. ಗ್ಯಾಲ್ವಾನಿಯ ಕಪ್ಪೆಯನ್ನು ಕುರಿತು ಪಾವಿಯಾದ ಅಲೆಸ್ಸಾಂಡ್ರೊ ವೋಲ್ಟಾ ವಾದ ಹೂಡಿದ. ಆ ವಾದದಲ್ಲಿಯೇ 1800ರಲ್ಲಿ ಬ್ಯಾಟರಿ ಹುಟ್ಟಿತು. ವೋಲ್ಟಾ ಸುಮ್ಮನಿರದೆ ಬ್ಯಾಟರಿಯ ಎರಡು ತುದಿಗಳನ್ನು ತನ್ನ ಎರಡು ಕಿವಿಗಳಿಗೇ ಚುಚ್ಚಿಕೊಂಡ. ತಲೆಯೊಳಗೆ ಏಟು ಬಿದ್ದಂತಾಯಿತು. ಅನಂತರ ಮಂದವಾದ ಯಾವುದೋ ಅಂಬಲಿ ಕುದಿಯುವಂತಹ ಸದ್ದು ಕೇಳಿತು. ಅಪಾಯವೆಂದು ಮತ್ತೆ ಮತ್ತೆ ಮಾಡಲಿಲ್ಲ. ಮೊಂಡಿನಿ ಆಗ ಬದುಕಿದ್ದ, ಗ್ಯಾಲ್ವಾನಿ ಇರಲಿಲ್ಲ. ಫ್ರೆಂಚರು ಸ್ಥಾಪಿಸಿದ ಹೊಸ ರಾಜ್ಯಕ್ಕೆ ಪ್ರಮಾಣವಚನ ಕೊಡಲೊಪ್ಪದೆ ಹುದ್ದೆ ಕಳೆದುಕೊಂಡು, ಅವನು 1798ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. ಮೊಂಡಿನಿ 1803ರಲ್ಲಿ ಬೊಲೋನ್ಯದಲ್ಲಿಯೇ ಕಣ್ಣು ಮುಚ್ಚಿದ. ಅವನ ಮಗ ಫ್ರಾಂಚೆಸ್ಕೊ ತಂದೆಯ ವಿದ್ಯೆಯನ್ನೇ ಹಿಡಿದು ಅದೇ ಊರಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದ.

ವೋಲ್ಟಾ ಕೇಳಿದ ಕುದಿತದ ಸದ್ದು ಮಾತಾಗಲು ನೂರೈವತ್ತು ವರ್ಷಗಳಿಗೆ ಮೇಲೆ ಹಿಡಿಯಿತು. ಪ್ಯಾರಿಸಿನಲ್ಲಿ 1957ರಲ್ಲಿ ಜೂರ್ನೊ ಮತ್ತು ಐರಿಯೆಸ್ ಎಂಬಿಬ್ಬರು ಕಿವುಡನೊಬ್ಬನ ಶ್ರವಣನರಕ್ಕೆ ವಿದ್ಯುತ್ತಿನ ತಂತಿಯನ್ನು ಮುಟ್ಟಿಸಿದರು. 1961ರಲ್ಲಿ ಲಾಸ್ ಏಂಜಲಿಸಿನಲ್ಲಿ ವಿಲಿಯಂ ಹೌಸ್ ಸುರುಳಿಯೊಳಕ್ಕೇ ತಂತಿಯನ್ನು ಸೇರಿಸಿದ. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಒಂದಕ್ಕೆ ಬದಲು ಹಲವು ಮಿಡಿತದ ಬಿಂದುಗಳುಳ್ಳ ತಂತಿಯನ್ನು ಇಟ್ಟ. ಸುರುಳಿಯ ಆಕಾರವೇ ಕೆಟ್ಟಿರುವ ಮಕ್ಕಳಿಗೆ ಇದು ಆಗದೆಂದು ಮೊದಮೊದಲು ತಿಳಿದಿದ್ದರು. ಒಳಗೆ ತೂತು ಕೊರೆದಾಗ ಮಿದುಳಿನ ನೀರು ಉಕ್ಕಿಬರುವ ಭಯವೂ ಇತ್ತು, ಇಂದಿಗೂ ಇದೆ. ಆದರೆ ಮೊಂಡಿನಿ ಬರೆದಂತೆ ಬುಡದ ಸುತ್ತಿಗೆ ಆಕಾರವಿದೆಯಷ್ಟೆ. ನರದ ಎಳೆಗಳಲ್ಲಿ ಬಹುಪಾಲು ಅಲ್ಲಿಯೇ ಇವೆ. ತಂತಿಯನ್ನು ಅಲ್ಲಿ ಇರಿಸಿದರೆ ಸಾಕಾಯಿತು. 1980ರ ದಶಕದಿಂದ ಈಚೆಗೆ ಇಂಥ ಮಕ್ಕಳಿಗೂ ಅದನ್ನು ಅಳವಡಿಸುತ್ತಾರೆ. ಈ ಬಗೆಯವರಲ್ಲಿ ಫಲ, ಆಕಾರ ಸರಿಯಿರುವವರಿಗಿಂತ ಬಹಳ ಕಡಿಮೆಯಲ್ಲವೆಂದು ವೈದ್ಯರ ಅನುಭವ. 418ನೆಯ ಪುಟದಲ್ಲಿ ಮುಗಿದ ವಿದ್ಯುತ್ತು 419ನೆಯ ಪುಟದ ಸುರುಳಿಯೊಳಕ್ಕೆ ಬಂದದ್ದು ಹೀಗೆ.

ಮೊಂಡಿನಿಯ ಲ್ಯಾಟಿನ್ ಲೇಖನ ಇಂಗ್ಲಿಷಿಗೆ ಅನುವಾದವಾಗಿ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1997ರಲ್ಲಿ. ಅಗಲವಾದ ಕಾಲುವೆಗೂ ಗಳಗಂಡಕ್ಕೂ ಒಟ್ಟಿಗೆ ಕಾರಣವಾಗುವ ವಂಶವಾಹಿಯನ್ನು ಕಂಡುಹಿಡಿದದ್ದೂ ಅದೇ ವರ್ಷ. ಅಲ್ಲಿಯವರೆಗೆ ಎರಡು ಶತಮಾನ ಕಾಲ ಅವನ ಹೆಸರು ಹೇಳಿದವರಲ್ಲಿ ಹೆಚ್ಚಿನವರು ಅವನನ್ನು ಓದಿರಲಿಲ್ಲವೆಂದೇ ತೋರುತ್ತದೆ. ವೈದ್ಯಗ್ರಂಥಗಳು ಮೊಂಡಿನಿಯನ್ನು ಹೆಸರಿಸುತ್ತವೆ, ಬಂಡಿಯನ್ನೂ ಹೇಳುತ್ತವೆ, ಕಾಲಿನ ಗಾಯವನ್ನೂ ಹೇಳುತ್ತವೆ. ಹುಡುಗನನ್ನು ಮಾತ್ರ ಎಂಟು ವರ್ಷದವನು ಎಂದಷ್ಟೇ ಕರೆಯುತ್ತವೆ.